ಮೀಸಲು ಇಟ್ಟಿಗೆ

ಯಂತ್ರಕ್ಕೆ ಬುದ್ಧಿ ಕೊಡುವುದು ಸುಲಭ, ಕೈ ಕೊಡುವುದು ಕಷ್ಟ ಎಂಬುದು ನಮ್ಮ ಬಾಹ್ಯಾಕಾಶ ಕೇಂದ್ರದವರಿಗೆ ಗೊತ್ತಾದದ್ದು ಎರಡು ರಾಕೆಟ್ಟುಗಳು ಹಾಳಾದ ಮೇಲೆ.

ಆ ರಾಕೆಟ್ಟುಗಳನ್ನು ಚಂದ್ರನ ಸುತ್ತ ತಿರುಗುತ್ತಲೇ ಜೋಡಿಸಬೇಕಿತ್ತು. ಭೂಮಿಯಿಂದ ಇಡಿಯಾಗಿ ಒಯ್ಯುವುದಕ್ಕಿಂತ ಬಿಡಿಭಾಗಗಳನ್ನು ಕಳಿಸಿ ಅಲ್ಲೇ ಕಟ್ಟುವುದು ಲೇಸು. ಕಟ್ಟುವ ರೋಬೋಟುಗಳ ತಲೆಗೆ ನಾವು ಸಾವಿರಾರು ಸೂಚನೆಗಳನ್ನು ತುಂಬಿದ್ದೆವು. ಯಾವ ಭಾಗ ಎಲ್ಲಿ ಕೂರಬೇಕು, ಎಷ್ಟು ಒತ್ತಬೇಕು, ಎಲ್ಲವೂ ಅದರಲ್ಲಿತ್ತು. ಆದರೆ ಸೂಚನೆಯಲ್ಲಿ ಇಲ್ಲದ್ದೊಂದು ಎದುರಾಯಿತೆಂದರೆ, ಒಂದು ಭಾಗ ಕೈಜಾರಿ ಅತ್ತ ತೇಲಿತೆಂದರೆ ಸಾಕು, ಅವು ಕೈಕಟ್ಟಿ ನಿಂತುಬಿಡುತ್ತಿದ್ದವು. ಇಲ್ಲವೇ ಮೂರ್ಖ ಹಟದಿಂದ ಒತ್ತಿ ಮುರಿದುಹಾಕುತ್ತಿದ್ದವು.

ಆಗ ಒಂದು ಸಭೆಯಲ್ಲಿ ಯಾರೋ ಕೇಳಿದರು: ಸೂಚನೆಗಳನ್ನು ಬಿಟ್ಟು, ಮನುಷ್ಯನ ಕೈಯ ರೂಢಿಯನ್ನೇ ಯಂತ್ರಕ್ಕೆ ಕೊಟ್ಟರೆ ಏನಾದೀತು? ಒಬ್ಬರು ಮೇಜಿನ ಮುಂದೆ ಕೂತು ಆಟಿಕೆ ಇಟ್ಟಿಗೆಗಳಿಂದ ಅದೇ ರಾಕೆಟ್ಟಿನ ಮಾದರಿ ಕಟ್ಟಲಿ. ಒಂದು ಬಿಡಿಭಾಗಕ್ಕೆ ಒಂದು ಇಟ್ಟಿಗೆ. ಕೈಗೆ ತೆಳುವಾದ ಗವಸು ಹಾಕಿರಲಿ, ಮೇಲಿನಿಂದ ಕ್ಯಾಮೆರಾ ನೋಡುತ್ತಿರಲಿ. ಬೆರಳು ಎಲ್ಲಿ ಒತ್ತುತ್ತದೆ, ಎಲ್ಲಿ ತಡೆಯುತ್ತದೆ, ಬಿದ್ದದ್ದನ್ನು ಹೇಗೆ ಎತ್ತಿಕೊಳ್ಳುತ್ತದೆ, ಸೊಟ್ಟಗಾದದ್ದನ್ನು ಹೇಗೆ ಸಮಾಧಾನದಿಂದ ನೆಟ್ಟಗೆ ಮಾಡುತ್ತದೆ ಎಂಬುದನ್ನೆಲ್ಲ ರೋಬೋಟುಗಳು ಹೀರಿಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಲಿ. ಈ ವಿದ್ಯೆಗೆ ‘ಕೈರೂಢಿ’ ಎಂದು ಹೆಸರಾಯಿತು.

ಮೊದಲು ನಮ್ಮ ಎಂಜಿನಿಯರುಗಳೇ ಉತ್ಸಾಹದಿಂದ ಗವಸು ತೊಟ್ಟರು. ಅವರ ಕೈಗಳಿಗೆ ಅವಸರ. ಆಮೇಲೆ ಒಬ್ಬ ಶಸ್ತ್ರವೈದ್ಯರು ಬಂದರು, ಒಬ್ಬ ಅಕ್ಕಸಾಲಿಗರು ಬಂದರು. ಅವರ ಕೈಗಳು ಎಷ್ಟು ಚೊಕ್ಕವೆಂದರೆ ಏನೂ ಬೀಳುತ್ತಲೇ ಇರಲಿಲ್ಲ. ಹಾಗಾಗಿ ಬಿದ್ದರೆ ಏನು ಮಾಡಬೇಕೆಂದು ಯಂತ್ರ ಕಲಿಯಲೂ ಇಲ್ಲ. ಕೊನೆಗೆ ಆಯ್ಕೆಯಾದದ್ದು ಗದಗಿನ ಅಂಗನವಾಡಿಯೊಂದರಲ್ಲಿ ಬದುಕಿಡೀ ಮಕ್ಕಳ ಜೊತೆ ಕೂತು ಗೋಪುರ, ಮನೆ, ಸೇತುವೆ ಕಟ್ಟಿದ್ದ ನಿವೃತ್ತ ಟೀಚರ್ ಒಬ್ಬರ ಕೈ. ಊರವರ ಬಾಯಲ್ಲಿ ಅವರು ಕಸ್ತೂರಕ್ಕೋರು. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ.

ಅವರು ನನ್ನ ಅವ್ವ. ನಾನು ಅದೇ ಕೇಂದ್ರದಲ್ಲಿ ರೋಬೋಟು ವಿಭಾಗದ ಮುಖ್ಯಸ್ಥೆ. ಮಗಳು ಎಂಬ ಕಾರಣಕ್ಕೆ ಕಲಿಸುವ ಕೋಣೆಯೊಳಗೆ ನನಗೆ ಪ್ರವೇಶವಿರಲಿಲ್ಲ. ಅವ್ವ ಬೆಳಿಗ್ಗೆ ನನ್ನ ಜೊತೆಗೇ ಕಾರಿನಲ್ಲಿ ಬಂದು, ಆ ಕೋಣೆಗೆ ಹೋಗಿ, ಸಂಜೆ ನಗುತ್ತ ಹೊರಗೆ ಬರುತ್ತಿದ್ದಳು. ಏನು ಮಾಡಿದೆ ಎಂದು ಕೇಳಿದರೆ, “ರಾಕೆಟ್ ಕಟ್ಟಿದ್ನೆವಾ. ಮತ್ತ ಕೆಡವಿದ್ನಿ,” ಎನ್ನುತ್ತಿದ್ದಳು.

ಅದೆಲ್ಲ ಎರಡು ವರ್ಷದ ಹಿಂದಿನ ಮಾತು. ಹೋದ ದೀಪಾವಳಿಯ ಹೊತ್ತಿಗೆ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಒಂದೇ ಒಂದು ಮಾತು ಹೇಗೋ ಉಳಿದುಕೊಂಡಿತು, “ತಗೋ” ಅಂತ. ನೀರು ಬೇಕಾದರೂ ತಗೋ, ಸಿಟ್ಟು ಬಂದರೂ ತಗೋ. ಅದಕ್ಕೆ ಅರ್ಥ ಹುಡುಕಬೇಡಿ, ಮೆದುಳಿನಲ್ಲಿ ಉಳಿದ ಚೂರು ಅದು ಎಂದು ಡಾಕ್ಟರು ಹೇಳಿದ್ದರು.

ಹೀಗಾಗಿ ನನ್ನ ಅವ್ವನ ಬಲಗೈ ಈ ಲೋಕದಲ್ಲಿ ಆಡುತ್ತಿದ್ದದ್ದು ಒಂದೇ ಕಡೆ, ಚಂದ್ರನ ಹತ್ತಿರ. ದೊಡ್ಡ ಪರದೆಯ ಮೇಲೆ ರೋಬೋಟೊಂದು ಒಂದು ಭಾಗವನ್ನು ಕೂರಿಸುವ ಮುನ್ನ ಅದನ್ನು ಎರಡು ಸಲ ಹಗುರವಾಗಿ ತಟ್ಟುತ್ತಿತ್ತು. ಅವ್ವ ರೊಟ್ಟಿ ತಟ್ಟಿದ ಮೇಲೆ ಹಾಗೆಯೇ ಎರಡು ಸಲ ತಟ್ಟಿ ಹಂಚಿಗೆ ಹಾಕುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಕಣ್ಣು ತುಂಬಿ ಬರುತ್ತಿತ್ತು. ಮುಖ್ಯಸ್ಥೆ ಎಂದ ಮೇಲೆ ಅಳುವ ಹಾಗಿರಲಿಲ್ಲ, ಕಣ್ಣಿಗೆ ಏನೋ ಬಿತ್ತೆಂದು ಹೇಳುತ್ತಿದ್ದೆ.

*

ಆ ಮಂಗಳವಾರ ಮಧ್ಯಾಹ್ನ ನಿಯಂತ್ರಣ ಕೊಠಡಿಯಲ್ಲಿ ಯಾರೂ ಕೂತಿರಲಿಲ್ಲ. ಎಲ್ಲರೂ ಎದ್ದು ನಿಂತಿದ್ದರು.

ಚಂದ್ರನ ನೆಲದಲ್ಲಿ ನಾಲ್ಕು ಜನ ಸಿಕ್ಕಿಬಿದ್ದಿದ್ದರು. ಅವರು ಇಳಿದ ನೌಕೆ ಅವರನ್ನು ಚಂದ್ರನ ಸುತ್ತಿನ ಕಕ್ಷೆಯವರೆಗೆ ಎತ್ತಿ ತರಬಲ್ಲದು, ಅಲ್ಲಿಂದಾಚೆ ತರಲಾರದು. ಅದರ ದೊಡ್ಡ ಎಂಜಿನ್ ಕೆಟ್ಟಿತ್ತು. ಅವರನ್ನು ಮನೆಗೆ ತರಲೆಂದೇ ‘ಹರಿಗೋಲು’ ಎಂಬ ರಾಕೆಟ್ಟನ್ನು ಆ ಕಕ್ಷೆಯಲ್ಲಿ ನಮ್ಮ ರೋಬೋಟುಗಳು ಕಟ್ಟುತ್ತಿದ್ದವು. ಗುರುವಾರ ಸಂಜೆಯೊಳಗೆ ಹರಿಗೋಲು ಸಿದ್ಧವಾಗದಿದ್ದರೆ ಎರಡೂ ನೌಕೆಗಳ ದಾರಿ ಕೂಡುವುದಿಲ್ಲ. ಮುಂದೆ ಕೂಡುವ ಹೊತ್ತಿಗೆ ಕೆಳಗಿನವರಿಗೆ ಉಸಿರಾಡಲು ಗಾಳಿ ಇರುವುದಿಲ್ಲ.

ಹರಿಗೋಲು ಬುಡದಿಂದ ತುದಿಯವರೆಗೆ ಎದ್ದುನಿಂತಿತ್ತು. ಒಂದೇ ಭಾಗ ಬಾಕಿ. ತುದಿಯಲ್ಲಿ ಕೂರುವ ಉಂಗುರ, ಅವರ ನೌಕೆ ಬಂದು ಕಚ್ಚಿಕೊಳ್ಳುವ ಜಾಗ. ರೋಬೋಟುಗಳು ಕೆಲಸ ಶುರುಮಾಡುವ ಮುನ್ನ ಆ ಉಂಗುರವನ್ನೇ ಮೊದಲು ಎತ್ತಿ ಒಂದು ಬದಿಗೆ ಕಟ್ಟಿಟ್ಟಿದ್ದವು. ಅದರಲ್ಲಿ ನಮಗೆ ಆಶ್ಚರ್ಯವಿರಲಿಲ್ಲ. ಅವ್ವ ಮಾದರಿ ಕಟ್ಟುವಾಗಲೆಲ್ಲ ತುದಿಯ ಕೆಂಪು ಇಟ್ಟಿಗೆಯನ್ನು ಮೊದಲು ತೆಗೆದು ಪಕ್ಕಕ್ಕಿಟ್ಟು, “ಇದು ಮೀಸಲು,” ಎಂದು ಹೇಳಿಯೇ ಮುಂದುವರಿಯುತ್ತಿದ್ದಳಂತೆ. ನಮ್ಮ ಮನೆಗಳಲ್ಲಿ ಹಬ್ಬದ ಅಡುಗೆಯ ಮೊದಲ ಕಡಬನ್ನು ಯಾರೂ ಮುಟ್ಟದ ಹಾಗೆ ತೆಗೆದಿಡುವುದಿಲ್ಲವೇ, ಹಾಗೆ. ಯಂತ್ರವೂ ಅದನ್ನು ಕಲಿತಿತ್ತು. ಭೂಮಿಯ ಮೇಲಿನ ಪರೀಕ್ಷೆಗಳಲ್ಲಿ ಕೊನೆಗೆ ಯಾವುದೋ ಒಂದು ರೋಬೋಟು ಅದನ್ನು ತಂದು ಕೂರಿಸುತ್ತಿತ್ತು. ತೊಂದರೆಯಿಲ್ಲದ ಚಾಳಿ ಎಂದು ನಾವು ನಕ್ಕು ಬಿಟ್ಟಿದ್ದೆವು.

“ಮೇಡಂ, ಇಲ್ಲಿ ಬರ್ರಿ. ಇವು ಏನ್ ಮಾಡಾಕತ್ತಾವ ನೋಡ್ರಿ,” ಎಂದ ಅಶ್ಫಾಕ್ ನದಾಫ್. ರೋಬೋಟುಗಳ ಚಲನೆಯನ್ನು ಕಾಯುವವನು ಅವನು.

ಪರದೆಯ ಮೇಲೆ ಒಂದು ರೋಬೋಟು ಉಂಗುರವನ್ನು ಬಿಚ್ಚಿಕೊಂಡು ಹೊರಟಿತ್ತು. ಆದರೆ ಹರಿಗೋಲಿನ ತುದಿಯ ಕಡೆಗಲ್ಲ. ಅದು ಹೋದದ್ದು ಸೊಟ್ಟನ ಹತ್ತಿರ. ಸೊಟ್ಟ ಎಂಬುದು ಹುಡುಗರು ಒಂಬತ್ತನೆಯ ರೋಬೋಟಿಗೆ ಇಟ್ಟಿದ್ದ ಹೆಸರು. ಕೆಲಸ ಶುರುವಾಗುವ ಮುನ್ನವೇ ಸಣ್ಣ ಕಲ್ಲೊಂದು ಬಡಿದು ಅದರ ತೋಳು ತಿರುಚಿತ್ತು. ಬಳಸಿದರೆ ಕೈ ನಡುಗುತ್ತದೆಂದು ಅದನ್ನು ಅಂದೇ ಆರಿಸಿ ಒಂದು ಕಂಬಿಗೆ ಕಟ್ಟಿದ್ದೆವು. ಈಗ ಉಳಿದ ಎಂಟೂ ರೋಬೋಟುಗಳು ಅದರ ಸುತ್ತ ಬಂದು ನಿಂತವು. ಉಂಗುರವನ್ನು ಅದರ ಮುಂದೆ ಚಾಚಿ ಹಿಡಿದವು. ಹಾಗೇ ಹಿಡಿದುಕೊಂಡೇ ಇದ್ದವು.

ಮತ್ತೆ ಶುರುಮಾಡಿಸಿದೆವು. ಸೊಟ್ಟನ ಮುಂದಿನಿಂದ ಎಳೆದು ತುದಿಯ ಕಡೆ ಕಳಿಸಿದೆವು. ಒಂದಿಷ್ಟು ದೂರ ಹೋಗಿ, ತಿರುಗಿ ಅಲ್ಲಿಗೇ ಬಂದು ನಿಂತವು. ಇಲ್ಲಿಂದ ನಾವೇ ಅವುಗಳ ಕೈ ಆಡಿಸೋಣವೆಂದರೆ, ನಾವು ಕಳಿಸಿದ ಸಂಕೇತ ಮುಟ್ಟಿ ಅಲ್ಲಿಯ ಚಿತ್ರ ಬರುವಷ್ಟರಲ್ಲಿ ಎರಡು ಮೂರು ಸೆಕೆಂಡು ದಾಟುತ್ತದೆ. ಕೂದಲೆಳೆ ಸಂದಿನಲ್ಲಿ ಕೂರಿಸಬೇಕಾದ ಉಂಗುರಕ್ಕೆ ಆ ತಡ ಸಾಕು, ಬಿರುಕು ಬಿಡಲು.

ನಿರ್ದೇಶಕರಾದ ಇನಾಮದಾರ್ ನನ್ನನ್ನು ಪಕ್ಕಕ್ಕೆ ಕರೆದರು. ಕೆಟ್ಟ ಮನುಷ್ಯರಲ್ಲ. ಮೂರು ದಿನದಿಂದ ಅವರ ಶರ್ಟು ಬದಲಾಗಿರಲಿಲ್ಲ.

“ನೀಲಾಂಬಿಕಾ, ಇದು ನಿಮ್ಮ ತಾಯಿಯವರ ಕೈ, ನನಗ ಗೊತ್ತದ. ಆದರ ರೂಢಿ ಎಲ್ಲೋ ಕೆಟ್ಟದ. ಮುರದ ರೋಬೋಟನ್ನ ಅವು ರಾಕೆಟ್ಟಿನ ತುದಿ ಅಂತ ತಿಳಕೊಂಡಾವ. ನಾಳೆ ಮಧ್ಯಾಹ್ನದತನಕ ನೋಡ್ರಿ. ಆಗದಿದ್ರ ಅಳಿಸಿಬಿಡೋಣ.”

“ಅಳಿಸಿ?”

“ಹಳೆ ಸೂಚನಾ ತುಂಬೋಣ. ಉಳದದ್ದು ಒಂದ ಭಾಗ.”

“ಅವೇ ಸೂಚನೆ ಎರಡು ರಾಕೆಟ್ ಮುರದಾವ ಸರ್.”

“ಮತ್ತೇನು ಮಾಡೂಣು? ನಾಲ್ಕು ಮಂದಿಗೆ ನಾನು ಏನಂತ ಹೇಳ್ಲಿ?”

ಅವ್ವ ಕಲಿಸುವಾಗ ತೆಗೆದ ವೀಡಿಯೊ ಚಿತ್ರಗಳು ಕೇಂದ್ರದಲ್ಲಿದ್ದವು, ನಿಜ. ಆದರೆ ಚಿತ್ರದಲ್ಲಿ ರೂಢಿ ಇರುವುದಿಲ್ಲ. ಅದು ಆ ಯಂತ್ರಗಳ ಒಳಗೆ ತಿಂಗಳುಗಟ್ಟಲೆ ಅಭ್ಯಾಸದಿಂದ ಬೆಳೆದದ್ದು. ಒಮ್ಮೆ ಅಳಿಸಿದರೆ ಗುರುವಾರದೊಳಗೆ ಮರಳಿ ಬರುವುದಲ್ಲ. ಇಂಥ ಪೇಚಿಗೆ ಸಿಕ್ಕಿಸಿದ ವಿದ್ಯೆಯನ್ನು ಮತ್ತೆ ಯಾರೂ ಮುಟ್ಟುವುದೂ ಇಲ್ಲ. ಅಳಿಸುವ ಗುಂಡಿ ಒತ್ತಬೇಕಾದವಳು ನಾನೇ. ನಾಲ್ಕು ಜನರ ಉಸಿರಿನ ಮುಂದೆ ಅವ್ವನ ಕೈ ದೊಡ್ಡದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹಳೆಯ ಸೂಚನೆಗಳು ಮುರಿದ ರಾಕೆಟ್ಟುಗಳನ್ನು ನಾನು ಕಣ್ಣಾರೆ ಕಂಡಿದ್ದೆ. ಎರಡನ್ನೂ ಕಳೆದುಕೊಳ್ಳುವ ದಾರಿ ಅದು ಎಂದೇ ನನಗನ್ನಿಸುತ್ತಿತ್ತು.

*

ಮನೆಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಕಟ್ಟೆಯ ಮೇಲಿತ್ತು. ಅವ್ವ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು, ಎಡಗೈಯಿಂದ ತನ್ನ ಶಾಲಿನ ಗಂಟು ಬಿಚ್ಚಲು ಹೆಣಗುತ್ತಿದ್ದಳು.

“ಬಿಡವ್ವ, ನಾ ಮಾಡ್ತೀನಿ,” ಎಂದು ನಾನೇ ಬಿಚ್ಚಿದೆ. ಆ ಮಾತು ನನ್ನ ಬಾಯಿಗೆ ಅಷ್ಟು ಅಂಟಿತ್ತು. ಚಹಾದ ಲೋಟ ಹಿಡಿಯಲು ಹೋದರೆ, ಬಿಡವ್ವ. ತಲೆ ಬಾಚಿಕೊಳ್ಳಲು ಹೋದರೆ, ಬಿಡವ್ವ. ಪ್ರೀತಿಯಿಂದಲೇ ಹೇಳುತ್ತಿದ್ದೆ. ಅವ್ವನ ಮುಖ ಅದನ್ನು ಕೇಳಿದಾಗಲೆಲ್ಲ ಕಿಟಕಿಯ ಕಡೆಗೆ ಹೊರಳುತ್ತಿತ್ತು.

ಹಗಲೆಲ್ಲ ಅವ್ವನನ್ನು ನೋಡಿಕೊಳ್ಳುವ ಫಕೀರವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕಪಾಟಿನ ಮೇಲೆ ಕೇಂದ್ರದವರು ಅವ್ವನಿಗೆ ನೆನಪಿಗೆಂದು ಕೊಟ್ಟಿದ್ದ ಇಟ್ಟಿಗೆಗಳ ಪೆಟ್ಟಿಗೆ ಇತ್ತು. ಲಕ್ವಾ ಹೊಡೆದ ಮೇಲೆ ಅದನ್ನು ಯಾರೂ ಇಳಿಸಿರಲಿಲ್ಲ. ನೋಡಿದರೆ ಅವ್ವನಿಗೆ ಸಂಕಟವಾದೀತೆಂದು ಮೇಲಿಟ್ಟವಳು ನಾನೇ.

ಅವತ್ತು ಇಳಿಸಿದೆ. ಅವ್ವ ಹೇಳಲಾರಳು, ನಾನು ಕೇಳಲಾರೆ. ಆದರೆ ನಾನು ಅವಳ ಮುಂದೆ ಅದೇ ರಾಕೆಟ್ಟನ್ನು ಕಟ್ಟುತ್ತ ಹೋದರೆ, ಎಲ್ಲಿ ತಪ್ಪುತ್ತೇನೋ ಅಲ್ಲಿ ಅವಳ ಮುಖವಾದರೂ ಹೇಳೀತು ಎಂಬ ಆಸೆ.

ಪೆಟ್ಟಿಗೆಯ ಸದ್ದಿಗೇ ಅವ್ವ ಬೆನ್ನು ನೆಟ್ಟಗೆ ಮಾಡಿ ಕೂತಳು. ನಾನು ಕೆಂಪು ಇಟ್ಟಿಗೆಯನ್ನು ಆರಿಸಿ ಪಕ್ಕಕ್ಕಿಟ್ಟು, “ಇದು ಮೀಸಲು, ಹೌದಲ್ಲೇನವ್ವ?” ಎಂದೆ. ಅವಳ ಮುಖದ ಎಡಭಾಗ ನಕ್ಕಿತು.

ಬುಡಕ್ಕೆ ಕಪ್ಪು ಇಟ್ಟಿಗೆಗಳು, ಅವು ಎಂಜಿನುಗಳು. ಅದರ ಮೇಲೆ ಇಂಧನದ ಬಿಳಿ ಉರುಳೆಗಳು. ನಾನು ಕಟ್ಟುತ್ತ ಹೋದೆ. ಕಟ್ಟುತ್ತ ಹಳೆಯದೊಂದು ಮುನಿಸು ನೆನಪಾಯಿತು. ಅವ್ವ ಊರ ಮಕ್ಕಳಿಗೆ ಅಂಗನವಾಡಿಯಲ್ಲಿ ಕಲಿಸುತ್ತಿದ್ದಳು. ನನ್ನನ್ನು ಮಾತ್ರ ದೂರದ ಕಾನ್ವೆಂಟಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದಳು. ನನಗೆ ರಜೆ ಇದ್ದ ದಿನ ಅವಳ ಜೊತೆ ಹೋಗುತ್ತಿದ್ದೆ. ಅಲ್ಲಿಯ ಮಕ್ಕಳಿಗಿಂತ ನಾನೇ ಚುರುಕು. ಗೋಪುರದ ಅರ್ಧ ಇಟ್ಟಿಗೆಗಳನ್ನು ನಾನೇ ಹಚ್ಚುತ್ತಿದ್ದೆ. ಕೊನೆಯ ಮೀಸಲು ಇಟ್ಟಿಗೆಗೆ ಕೈ ಚಾಚಿದರೆ ಮಾತ್ರ ಅವ್ವ ಕೊಡುತ್ತಿರಲಿಲ್ಲ. “ಅದು ನಿಂದಲ್ಲ,” ಎನ್ನುತ್ತಿದ್ದಳು. ಆಮೇಲೆ ಅದು ಯಾರಿಗೆ ಹೋಗುತ್ತಿತ್ತೋ ನಾನು ನೋಡಿದವಳಲ್ಲ. ಅಷ್ಟರಲ್ಲಿ ನಾನು ಮುಖ ಊದಿಸಿಕೊಂಡು ಅಂಗಳದಲ್ಲಿರುತ್ತಿದ್ದೆ. ನನಗೆ ಸಿಗಲಿಲ್ಲ ಎಂಬುದಷ್ಟೇ ನನಗೆ ಮುಖ್ಯವಾಗಿತ್ತು.

ತುದಿಯವರೆಗೆ ಬಂದೆ. ಕೆಂಪು ಇಟ್ಟಿಗೆಯನ್ನು ಎತ್ತಿ ಹಚ್ಚಲು ಹೋದೆ. ಅವ್ವನ ಎಡಗೈ ಬಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯಿತು.

“ತಗೋ,” ಎಂದಳು. ಸಿಟ್ಟಿನ ತಗೋ ಅದು.

“ನೀ ಹಚ್ತೀಯೇನವ್ವ?” ಎಂದು ಅವಳ ಎಡಗೈಗೇ ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ಸುಮ್ಮನೆ ಕೂತಳು, ಹಚ್ಚಲಿಲ್ಲ. ಮೀಸಲು ಎಂದರೆ ದೇವರದ್ದಲ್ಲವೇ ಎಂದುಕೊಂಡು, ಇಟ್ಟಿಗೆಯನ್ನು ಇಸಿದುಕೊಂಡು ಹೋಗಿ ದೇವರ ಜಗಲಿಯ ಮೇಲೆ ಇಟ್ಟು ಕೈಮುಗಿದೆ. ನಾಲ್ಕು ಜನರ ಜೀವ ಕೈಯಲ್ಲಿ ಹಿಡಿದುಕೊಂಡ ವಿಜ್ಞಾನಿ ಆಟಿಕೆ ಇಟ್ಟಿಗೆಗೆ ಕುಂಕುಮ ಹಚ್ಚುವುದೊಂದು ಬಾಕಿಯಿತ್ತು. ಅವ್ವ ಕುರ್ಚಿಯ ಕೈಯನ್ನು ಪಟಪಟ ಬಡಿದಳು. ಮತ್ತೆ ತಂದುಕೊಟ್ಟೆ. ಆಗಲೇ ಫಕೀರವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

“ನೀಲವ್ವಾರ, ರೊಟ್ಟಿ ಬಿಸಿ ಅದಾವ, ಉಣ್ತೀರೇನ?”

ಅವ್ವ ಇಟ್ಟಿಗೆಯನ್ನು ಅವಳ ಕಡೆ ಚಾಚಿದಳು. “ತಗೋ.”

“ನನಗ್ಯಾಕಬೇ ಯಕ್ಕಾ? ನಂದೇನೈತಿ ಅದರಾಗ? ಎಲ್ಲಾ ನಿಮ್ಮ ಮಗಳು ಹಚ್ಯಾರ. ನಾ ಒಂದೂ ಹಚ್ಚಿಲ್ಲ.”

“ತಗೋ.” ಈ ಸಲ ದನಿ ಮೆತ್ತಗಿತ್ತು.

ಫಕೀರವ್ವ ಸೆರಗಿಗೆ ಕೈ ಒರೆಸಿಕೊಂಡು ನಾಚುತ್ತ ಬಂದಳು. ಇಟ್ಟಿಗೆ ತೆಗೆದುಕೊಂಡು ತುದಿಗೆ ಹಚ್ಚಿದಳು. ಕಟ್ ಎಂದು ಸದ್ದಾಯಿತು. ಅವ್ವ ಎಡಗೈಯಿಂದ ತನ್ನ ತೊಡೆಯನ್ನೇ ತಟ್ಟಿ ಚಪ್ಪಾಳೆ ಹೊಡೆದಳು. ಫಕೀರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ನಾ ಒಂದೂ ಹಚ್ಚಿಲ್ಲ. ಆ ಮಾತು ನನ್ನ ತಲೆಯೊಳಗೆ ನಿಂತುಬಿಟ್ಟಿತು. ಯಾರು ಒಂದೂ ಇಟ್ಟಿಗೆ ಹಚ್ಚಿಲ್ಲವೋ ಕೊನೆಯದು ಅವರದ್ದು. ಚುರುಕಿಲ್ಲದ ಮಗು, ತಡವಾಗಿ ಬಂದ ಮಗು, ಮೂಲೆಯಲ್ಲಿ ಅಳುತ್ತ ಕೂತ ಮಗು. ಅದಕ್ಕೂ ಕಟ್ಟಿದ್ದರಲ್ಲಿ ಪಾಲು ಇರಲಿ ಎಂದು ಅವ್ವ ಮೊದಲೇ ಎತ್ತಿಡುತ್ತಿದ್ದಳು. ಅಲ್ಲಿ ಮೇಲೆ ಎಂಟು ರೋಬೋಟುಗಳು ತಮ್ಮ ಪಾಲಿನದನ್ನು ಹಚ್ಚಿ ಮುಗಿಸಿದ್ದವು. ಒಂದೂ ಹಚ್ಚದೇ ಉಳಿದದ್ದು ಒಂದೇ. ಅವು ಕೆಟ್ಟು ನಿಂತಿರಲಿಲ್ಲ, ಕೊಡುತ್ತ ನಿಂತಿದ್ದವು.

ಅಶ್ಫಾಕನಿಗೆ ಫೋನು ಮಾಡಿದೆ. ಅವ್ವ ಕಲಿಸುವಾಗಿನ ಚಿತ್ರಗಳ ಕೊನೆಯ ಭಾಗವನ್ನು ನೋಡು, ಕೆಂಪು ಇಟ್ಟಿಗೆ ಹಚ್ಚಿದ ಕೈ ಯಾರದ್ದು ಎಂದು ಹೇಳು ಎಂದೆ. ಉತ್ತರ ಬೇಗ ಬಂತು.

“ಮೇಡಂ, ಒಂದ ಕೈ ಅಲ್ಲರೀ! ಒಂದರಾಗ ಬಳಿ ಹಾಕ್ಕೊಂಡ ಕೈ ಐತಿ, ಒಂದರಾಗ ಬಣ್ಣ ಹತ್ತಿದ ಕೈ. ಕ್ಯಾಮೆರಾಕ್ಕ ಕೈ ಅಷ್ಟ ಕಾಣ್ತಾವ, ನಾವು ಯಾರೂ ಲಕ್ಷ್ಯ ಕೊಟ್ಟಿಲ್ಲ. ಒಂದರಾಗ ನನ್ನ ಕೈನ ಐತ್ರಿ!” ಅವನ ದನಿ ಏರಿತು. “ಈಗ ನೆನಪಾತು. ಗವಸಿನ ತಂತಿ ನೋಡಾಕ ಹೋಗಿದ್ನಿ. ‘ಸುಮ್ನ ನಿಂತೀಯಲ್ಲೊ, ಬಾರಪಾ, ನೀ ಹಚ್ಚು’ ಅಂದಿದ್ರು ಅಕ್ಕೋರು. ಮರ್ಯಾದಿಗೆ ಕರೀತಾರ ಅನ್ಕೊಂಡಿದ್ನಿ.”

“ಪರೀಕ್ಷೆ ಮಾಡಿದಾಗ ಉಂಗುರ ಹಚ್ಚಿದ ರೋಬೋಟು ಯಾವುದು, ಅದನ್ನೂ ನೋಡು.”

ಕೀಲಿಮಣೆಯ ಮೇಲೆ ಅವನ ಬೆರಳಿನ ಸದ್ದು ಕೇಳಿಸಿತು. “ಪ್ರತಿ ಸಲ ಎಲ್ಲಾದಕಿಂತ ಕಡಿಮಿ ಕೆಲಸ ಮಾಡಿದ್ದ ಹಚ್ಚೇತ್ರಿ.” ಆಮೇಲೆ ಮೆಲ್ಲಗೆ ಕೇಳಿದ, “ಆದ್ರ ಮೇಡಂ, ಸೊಟ್ಟನ ಕೈ ನಡುಗತೈತಿ. ಉಂಗುರಕ್ಕ ಬಡೀತಂದ್ರ?”

“ಎಲ್ಲಾ ಚಿತ್ರಗಳನ್ನು ನೋಡು,” ಎಂದಷ್ಟೇ ಹೇಳಿದೆ. “ನಡುಗುವ ಕೈ ಒಂದಾದರೂ ಇದ್ದೀತು.”

*

ಬುಧವಾರ ಬೆಳಿಗ್ಗೆ ಇನಾಮದಾರರ ಮುಂದೆ ಆ ಚಿತ್ರವನ್ನು ಇಟ್ಟೆವು. ಅದರಲ್ಲಿ ಕೊನೆಯ ಇಟ್ಟಿಗೆ ಹಿಡಿದದ್ದು ಕೇಂದ್ರದ ಹಳೆಯ ಕಾವಲುಗಾರರ ಕೈ. ವಯಸ್ಸಿನ ನಡುಕ ಇದ್ದ ಕೈ. ಇಟ್ಟಿಗೆ ತುದಿಯ ಮೇಲೆ ಅತ್ತಿತ್ತ ತಡವರಿಸುತ್ತದೆ. ಆಗ ಗವಸಿನ ಕೈ, ಅವ್ವನ ಕೈ, ಬರುತ್ತದೆ. ಇಟ್ಟಿಗೆಯನ್ನು ಕಸಿದುಕೊಳ್ಳುವುದಿಲ್ಲ. ಮುದುಕರ ಬೆರಳನ್ನು ಮುಟ್ಟುವುದೂ ಇಲ್ಲ. ಕೆಳಗಿನಿಂದ ಮಣಿಕಟ್ಟಿಗೆ ಆಸರೆಯಾಗಿ ನಿಲ್ಲುತ್ತದೆ ಅಷ್ಟೆ. ಹಚ್ಚಿದವರು ಅವರೇ.

ಇನಾಮದಾರ್ ಅದನ್ನು ಮತ್ತೊಮ್ಮೆ ನೋಡಿದರು. ಕನ್ನಡಕ ತೆಗೆದು ಒರೆಸಿದರು.

“ಒಬ್ಬ ಮುದುಕರ ಕೈ ಹಿಡದದ್ದು ನೋಡಿ, ಎಂಟು ರೋಬೋಟು ಮುರದ ಯಂತ್ರದ ತೋಳು ಹಿಡೀತಾವ ಅಂತ ನಾನು ನಂಬಬೇಕೇನು?”

“ನಂಬಬ್ಯಾಡ್ರಿ ಸರ್. ಅವು ನಿನ್ನಿ ಮಧ್ಯಾಹ್ನದಿಂದ ಅದರ ಮುಂದ ನಿಂತಾವ. ಯಾಕ ನಿಂತಾವ ಅನ್ನೂದಕ್ಕ ನಿಮ್ಮ ಹತ್ರ ಬ್ಯಾರೆ ಕಾರಣ ಐತೇನು?”

ನನ್ನ ಧೈರ್ಯ ಮಾತಿನಲ್ಲಿದ್ದಷ್ಟು ಎದೆಯಲ್ಲಿರಲಿಲ್ಲ. ನನ್ನ ಊಹೆ ತಪ್ಪಾದರೆ ಸೊಟ್ಟನ ಒಂದು ಏಟಿಗೆ ಉಂಗುರ ಬಿರಿಯುತ್ತದೆ, ಆಮೇಲೆ ಅಳಿಸಿ ಬರೆಯಲೂ ಏನೂ ಉಳಿಯುವುದಿಲ್ಲ. ಅವ್ವನ ಮೇಲಿನ ಮೋಹಕ್ಕೆ ನಾಲ್ಕು ಜನರನ್ನು ಪಣಕ್ಕಿಡುತ್ತಿದ್ದೇನೆಯೇ ಎಂದು ಭಯವಾಯಿತು.

“ಉಸಿರು ಅವರದು,” ಎಂದರು ಕೊನೆಗೆ ಇನಾಮದಾರ್. “ಅವರನ್ನ ಕೇಳೋಣ.”

ಚಂದ್ರನಲ್ಲಿದ್ದ ನಾಲ್ವರ ಮುಂದಾಳು ಕ್ಯಾಪ್ಟನ್ ಬೋಜಮ್ಮ, ಕೊಡಗಿನವರು. ನಾನು ಎಲ್ಲವನ್ನೂ ಹೇಳಿದೆ, ಅಂಗನವಾಡಿಯನ್ನೂ ಬಿಡದೆ. ಮಾತು ಅವರಿಗೆ ಮುಟ್ಟಿ ಉತ್ತರ ಮರಳಿ ಬರುವವರೆಗೆ ಎಲ್ಲರೂ ಪರದೆಯನ್ನೇ ನೋಡುತ್ತಿದ್ದೆವು.

“ನಿಮ್ಮ ತಾಯಿ ಯಾವಾಗಾದರೂ ಯಾವುದಾದರೂ ಮಗುವಿನ ಕೈಯಿಂದ ಇಟ್ಟಿಗೆ ಬೀಳಲು ಬಿಟ್ಟಿದ್ದಾರಾ?” ಎಂದು ಕೇಳಿದರು ಅವರು.

“ಬೀಳುತ್ತಿತ್ತು ಮೇಡಂ. ಮತ್ತೆ ಎತ್ತಿ ಕೊಡುತ್ತಿದ್ದರು.”

ಆಮೇಲೆ, “ಹಾಗಾದರೆ ಕೊಡಿ. ನಾವು ಕಾಯುತ್ತೇವೆ,” ಎಂಬ ದನಿ ಬಂತು.

ಅಶ್ಫಾಕ್ ಒಂಬತ್ತನೆಯ ರೋಬೋಟಿನ ಕಟ್ಟು ಬಿಚ್ಚಿ ಅದನ್ನು ಎಬ್ಬಿಸಿದ. ಅದರ ತೋಳು ಎದ್ದಿತು, ಎದ್ದೊಡನೆ ನಡುಗತೊಡಗಿತು. ಪರದೆಯಲ್ಲಿ ಕಾಣುವುದೆಲ್ಲ ಆಗಲೇ ಆಗಿಹೋದದ್ದು, ಈಗ ನಾವು ಕೂಗಿದರೂ ತಡವೇ. ಉಂಗುರ ಹಿಡಿದಿದ್ದ ರೋಬೋಟು ಮುಂದೆ ಬಂದು ಅದನ್ನು ಆ ನಡುಗುವ ಹಿಡಿಗೆ ಕೊಟ್ಟಿತು. ಹಿಡಿ ಮುಚ್ಚಿಕೊಂಡಿತು. ತೋಳು ಒಂದು ಕಡೆ ಜಗ್ಗಿತು, ಉಂಗುರ ಹರಿಗೋಲಿನ ಮೈಗೆ ಇನ್ನೇನು ಬಡಿಯಬೇಕು. ಯಾರೋ ನನ್ನ ಹಿಂದೆ “ಅಯ್ಯೋ” ಎಂದರು.

ಆಗ ಎರಡು ರೋಬೋಟುಗಳು ಕೆಳಗಿನಿಂದ ಬಂದವು. ಉಂಗುರವನ್ನು ಮುಟ್ಟಲಿಲ್ಲ. ತಿರುಚಿದ ತೋಳಿನ ಮಣಿಕಟ್ಟಿನ ಕೆಳಗೆ ತಮ್ಮ ಕೈ ಇಟ್ಟು ನಿಂತವು. ನಡುಕ ಇಳಿಯಿತು, ಪೂರ್ತಿ ಹೋಗಲಿಲ್ಲ. ಉಳಿದವು ದಾರಿ ಬಿಟ್ಟು ಸುತ್ತ ನಿಂತವು. ಅಂಥ ಅವಸರದ ಹೊತ್ತಿನಲ್ಲೂ ಅವುಗಳಿಗೆ ಅವಸರವಿರಲಿಲ್ಲ. ಒಂದು ಸಲ ಉಂಗುರ ಓರೆಯಾಯಿತು; ಹಿಂದೆ ಸರಿದು ಮತ್ತೆ ಹೋದವು. ಒಂಬತ್ತನೆಯದು ತುದಿಯ ಮೇಲೆ ಉಂಗುರವನ್ನು ಇಟ್ಟು, ಕೂರಿಸುವ ಮುನ್ನ ಎರಡು ಸಲ ಹಗುರವಾಗಿ ತಟ್ಟಿತು.

ಬೀಗ ಕಚ್ಚಿದ ಹಸಿರು ದೀಪ ಹೊತ್ತಿತು.

ಜನ ಕೂಗಿದರು, ತಬ್ಬಿಕೊಂಡರು. ಇನಾಮದಾರ್ ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಶ್ಫಾಕ್ ಪರದೆಗೆ ಸಲಾಮು ಮಾಡಿದ. ಅಂದಿನಿಂದ ಆ ಕೊಠಡಿಯಲ್ಲಿ ಸೊಟ್ಟ ಎಂಬ ಹೆಸರನ್ನು ಯಾರೂ ಆಡಿದ್ದು ನಾನು ಕೇಳಲಿಲ್ಲ. ನಾನು ಮಾತ್ರ ಗೋಡೆಗೆ ಒರಗಿ ಎಲ್ಲರೆದುರೇ ಅತ್ತೆ. ಕಣ್ಣಿಗೆ ಏನೂ ಬಿದ್ದಿಲ್ಲ ಎಂದೂ ಹೇಳಿದೆ.

ಗುರುವಾರ ಸಂಜೆ ಬೋಜಮ್ಮನವರ ನೌಕೆ ಚಂದ್ರನ ನೆಲ ಬಿಟ್ಟು ಬಂದು ಆ ಉಂಗುರವನ್ನು ಕಚ್ಚಿಕೊಂಡಿತು. ಹರಿಗೋಲು ನಾಲ್ವರನ್ನೂ ಹೊತ್ತು ಮನೆಯ ಕಡೆ ಮುಖ ಮಾಡಿತು.

*

ಭಾನುವಾರ ಮಧ್ಯಾಹ್ನ ಪೆಟ್ಟಿಗೆಯನ್ನು ಮತ್ತೆ ಮೇಜಿನ ಮೇಲಿಟ್ಟೆ. ಮಾದರಿಯನ್ನು ಕೆಡವಿ ಇಟ್ಟಿಗೆಗಳನ್ನು ಅವ್ವನ ಮುಂದೆ ಹರಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಕಿಟಕಿಯ ಹೊರಗೆ ಹಗಲಿನ ಚಂದ್ರ ಕಾಣುತ್ತಿರಲಿಲ್ಲ, ಆದರೂ ಅವಳು ಒಮ್ಮೆ ಆಕಾಶ ನೋಡಿದಳು. ಆಮೇಲೆ ಎಡಗೈ ಚಾಚಿ ಕೆಂಪು ಇಟ್ಟಿಗೆಯನ್ನು ಆರಿಸಿ ಬದಿಗೆ ಸರಿಸಿದಳು.

ಕಟ್ಟತೊಡಗಿದಳು.

ಎಡಗೈ ಆ ಕೆಲಸಕ್ಕೆ ಹೊಸದು. ಮೊದಲ ಕಪ್ಪು ಇಟ್ಟಿಗೆ ಜಾರಿತು, ಎರಡನೆಯದು ಜಾರಿತು. ಬುಡ ಅಲುಗಾಡುತ್ತಿತ್ತು. ಅವಳು ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ತಂದು ಬುಡದ ಪಕ್ಕಕ್ಕೆ ಒತ್ತಿಗೆ ಇಟ್ಟಳು. ಬಿದ್ದುಹೋದ ಕೈ ಈಗ ಭಾರವಾಗಿ ಒತ್ತಿ ಹಿಡಿಯಿತು, ಬುಡ ನಿಂತಿತು.

ಬಿಡವ್ವ, ನಾ ಮಾಡ್ತೀನಿ. ಮಾತು ಎಷ್ಟು ಸಲ ನನ್ನ ನಾಲಿಗೆಯ ತುದಿಗೆ ಬಂತೋ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಇಟ್ಟಿಗೆಗಳು ನೆಲಕ್ಕೆ ಬಿದ್ದವು. ಎತ್ತಿ ಮೇಜಿಗೆ ಇಟ್ಟೆ, ಹಚ್ಚಲಿಲ್ಲ. ಅರ್ಧ ಕಟ್ಟಿದ್ದು ಒಮ್ಮೆ ಕುಸಿಯಿತು. ಅವ್ವ ಉಸಿರು ಬಿಟ್ಟು ಮತ್ತೆ ಬುಡದಿಂದ ಶುರುಮಾಡಿದಳು. ಫಕೀರವ್ವ ಚಹಾ ತಂದಳು, ಅದು ಆರಿತು. ಬಿಸಿಲು ಮೇಜಿನಿಂದ ಗೋಡೆಗೆ ಹೋಯಿತು. ಹಿಂದೆಂದೂ ಅವ್ವ ಕೆಲಸ ಮಾಡುವುದನ್ನು ನಾನು ಇಷ್ಟು ಹೊತ್ತು ಸುಮ್ಮನೆ ಕೂತು ನೋಡಿರಲಿಲ್ಲ.

ರಾಕೆಟ್ಟು ಸ್ವಲ್ಪ ಓರೆಯಾಗಿ, ಆದರೆ ಗಟ್ಟಿಯಾಗಿ ಎದ್ದು ನಿಂತಿತು. ಅವ್ವ ಕೆಂಪು ಇಟ್ಟಿಗೆಯನ್ನು ಎತ್ತಿಕೊಂಡು ಕೋಣೆಯ ಸುತ್ತ ನೋಡಿದಳು. ಫಕೀರವ್ವನನ್ನು ನೋಡಿದಳು. ನನ್ನನ್ನು ನೋಡಿದಳು. ನನ್ನ ಕೈಗಳು ಇನ್ನೂ ತೊಡೆಯ ಕೆಳಗೇ ಇದ್ದವು.

“ತಗೋ,” ಎಂದಳು.

ನಾನು ಕೈ ಚಾಚಿದೆ. ಇಷ್ಟು ವರ್ಷಕ್ಕೆ ಅದು ನನ್ನದಾಗಿತ್ತು, ಯಾಕೆಂದರೆ ಅವತ್ತು ನಾನು ಒಂದೂ ಹಚ್ಚಿರಲಿಲ್ಲ. ಇಟ್ಟಿಗೆಯನ್ನು ತುದಿಗೆ ಒಯ್ಯುವಾಗ ಕಣ್ಣು ಮಂಜಾಗಿ ಕೈ ನಡುಗಿತು. ಅವ್ವನ ಎಡಗೈ ಕೆಳಗಿನಿಂದ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು.